ಹಿಮದ ಜಮಾ-ಖರ್ಚು

ವಿದ್ಯಾರ್ಥಿಗಳೇ, ಕಾಸರಗೋಡಿನ ಚಂದ್ರಗಿರಿ ಹೊಳೆಯಾಗಲಿ, ಸೊಲ್ಲಾಪುರದ ಕಡೆಯ ಭೀಮೆಯಾಗಲಿ ತುಂಬುವುದು ಮಳೆಯಿಂದ. ಬೇಸಿಗೆಯಲ್ಲಿ ಸೊರಗುತ್ತವೆ. ಆದರೆ ಹಿಮಾಲಯದ ಸಟ್ಲೆಜ್ ನದಿ ಬಿಸಿಲು ಏರಿದ ಹಾಗೆ, ಮುಂಗಾರಿಗೂ ಮೊದಲೇ ಉಬ್ಬತೊಡಗುತ್ತದೆ! ಚಳಿಗಾಲದಲ್ಲಿ ಬೆಟ್ಟದ ಮೇಲೆ ಬಿದ್ದು ಕೂತಿದ್ದ ಹಿಮ ಈಗ ಕರಗಿ ಬರುತ್ತಿದೆ.

ಈ ನದಿಗೆ ಹಿಮಾಚಲ ಪ್ರದೇಶದಲ್ಲಿ ಭಾಕ್ರಾ ಅಣೆಕಟ್ಟು ಇದೆ. ಪಂಜಾಬ್, ಹರಿಯಾಣ, ರಾಜಸ್ಥಾನದ ಹೊಲಗಳಿಗೆ ಅದರ ನೀರು ಹೋಗುತ್ತದೆ. ಕಡಿಮೆ ನೀರು ಬರುತ್ತೆ ಅಂತ ಜಲಾಶಯವನ್ನು ಮೊದಲೇ ತುಂಬಿಟ್ಟರೆ, ಹಿಮದ ನೀರೂ ಮಳೆನೀರೂ ಒಟ್ಟಿಗೆ ಬಂದಾಗ ಕೆಳಗಿನ ಊರುಗಳಿಗೆ ನೆರೆಯ ಭಯ. ಹೆಚ್ಚು ಬರುತ್ತೆ ಅಂತ ಬಿಟ್ಟುಬಿಟ್ಟರೆ ಬೆಳೆಗೆ ನೀರಿಲ್ಲ. ಅದಕ್ಕೇ ಹಿಮದ ಲೆಕ್ಕ ಬೇಕು.

ಮೊದಲು ಜಮಾ. 50 ಸೆಂ.ಮೀ. ಹಿಮ ಅಂದರೆ 50 ಸೆಂ.ಮೀ. ನೀರಲ್ಲ, ಅದರೊಳಗೆ ಗಾಳಿಯೇ ಹೆಚ್ಚು. ಸಾಂದ್ರತೆ ನೀರಿನ ಐದನೇ ಒಂದು ಪಾಲಿದ್ದರೆ ಸಿಗುವುದು 10 ಸೆಂ.ಮೀ. ನೀರು. ಆದ್ದರಿಂದ ಆಳ ಅಳೆದರೆ ಸಾಲದು, ತೂಗಬೇಕು. ಹಿಮಕ್ಕೆ ಕೊಳವೆ ಚುಚ್ಚಿ ತೂಗುವ ಸಾಧನವನ್ನು 20ನೇ ಶತಮಾನದ ಆರಂಭದಲ್ಲಿ ರೂಪಿಸಿದವರು ಅಮೆರಿಕದ ನೆವಾಡಾದ ಜೇಮ್ಸ್ ಚರ್ಚ್. ಅವರು ಕಲಿಸುತ್ತಿದ್ದುದು ಲ್ಯಾಟಿನ್ ಭಾಷೆ!

ಇನ್ನು ಖರ್ಚು. ದಿನದ ಸರಾಸರಿ ಉಷ್ಣತೆ ಸೊನ್ನೆಗಿಂತ ಎಷ್ಟು ಡಿಗ್ರಿ ಮೇಲಿದೆಯೋ ಅದಕ್ಕೆ ತಕ್ಕಂತೆ ಹಿಮ ಕರಗುತ್ತದೆ ಎನ್ನುವುದು ಒಂದು ಸರಳ ಮಾದರಿ. ಪ್ರತಿ ಡಿಗ್ರಿಗೆ ದಿನಕ್ಕೆ 5 ಮಿ.ಮೀ. ಅಂತ ಇಟ್ಟುಕೊಳ್ಳೋಣ. ಮೇಲೆ ಹೋದಂತೆ ಚಳಿ ಹೆಚ್ಚು ಅಲ್ವಾ? ಪ್ರತಿ 1,000 ಮೀಟರ್‌ಗೆ ಉಷ್ಣತೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. 2,000 ಮೀಟರ್ ಎತ್ತರದಲ್ಲಿ 15 ಡಿಗ್ರಿ ಇದ್ದರೆ, 4,000 ಮೀಟರ್‌ನಲ್ಲಿ 2 ಡಿಗ್ರಿ. ಅಂದರೆ ಅಲ್ಲಿ ದಿನಕ್ಕೆ 10 ಮಿ.ಮೀ. ನೀರು. ಒಂದು ಚದರ ಕಿಲೋಮೀಟರ್‌ಗೆ ಅದು 1 ಕೋಟಿ ಲೀಟರ್! 5,000 ಮೀಟರ್‌ನಲ್ಲಿ ಸೊನ್ನೆಗಿಂತ ಕಡಿಮೆ, ಖರ್ಚಿಲ್ಲ. ಹೀಗೆ ಬೆಟ್ಟವನ್ನು ಎತ್ತರದ ಪಟ್ಟಿಗಳಾಗಿ ಹಂಚಿ, ಎಲ್ಲಾ ಪಟ್ಟಿಗಳ ನೀರನ್ನು ಕೂಡಿಸುತ್ತಾರೆ. ಹಿಮ ಎಷ್ಟು ದೂರ ಹರಡಿದೆ ಎಂದು ಉಪಗ್ರಹದ ಚಿತ್ರ ತೋರಿಸುತ್ತದೆ. ಕೊನೆಗೆ ನದಿಯಲ್ಲಿ ನಿಜವಾಗಿ ಹರಿದ ನೀರಿಗೆ ಈ ಲೆಕ್ಕವನ್ನು ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಮಾದರಿಯನ್ನು ತಿದ್ದುತ್ತಾರೆ.

ಈಗ ಉಷ್ಣತೆ ಬರೀ 2 ಡಿಗ್ರಿ ಹೆಚ್ಚಾಯಿತು ಅನ್ನಿ. 4,000 ಮೀಟರ್‌ನಲ್ಲಿ 10 ಮಿ.ಮೀ. ಇದ್ದದ್ದು 20 ಆಯಿತು, ಎರಡು ಪಟ್ಟು! ಆದರೆ ಜಮಾ ಹೆಚ್ಚಾಗಲಿಲ್ಲ. ಅಂದಮೇಲೆ ಖಾತೆ ಬೇಗ ಖಾಲಿಯಾಗುತ್ತದೆ, ನೀರು ಬೇಕಾದ ದಿನಕ್ಕೆ ಹಿಮವೇ ಇರುವುದಿಲ್ಲ. ಭೂಮಿ ಬಿಸಿಯಾಗುವುದರ ಬಗ್ಗೆ ಹಿಮಾಲಯದ ಕೆಳಗಿನ ರೈತರು ಯಾಕೆ ಚಿಂತಿಸಬೇಕು ಅನ್ನೋದು ಇಷ್ಟರಲ್ಲೇ ತಿಳಿಯುತ್ತೆ.

ನಿಮಗೊಂದು ಲೆಕ್ಕ: 2,000 ಮೀಟರ್‌ನಲ್ಲಿ 20 ಡಿಗ್ರಿ ಇದ್ದರೆ 5,000 ಮೀಟರ್‌ನಲ್ಲಿ ದಿನಕ್ಕೆ ಎಷ್ಟು ಹಿಮ ಕರಗೀತು? ಉತ್ತರ ಸೊನ್ನೆಯಲ್ಲ!