ಕರ್ನಾಟಕ ಎಕ್ಸ್‌ಪ್ರೆಸ್ ಕಲಿಸುವ ಭೂಗೋಳ

ನವದೆಹಲಿ: ನೆರೆಹೊರೆಯವರು ‘ಮದ್ರಾಸಿ’ ಎಂದಾಗ ರಾಜಧಾನಿಯ ಕನ್ನಡಿಗರಿಗೆ ಬೇಸರವಾಗುವುದು ಸಹಜ. ಆದರೆ ನೊಯ್ಡಾ, ಗುರುಗ್ರಾಮಗಳಲ್ಲಿ ಬೆಳೆಯುತ್ತಿರುವ ಅವರದೇ ಮಕ್ಕಳಿಗೆ ದೆಹಲಿ–ಬೆಂಗಳೂರು ನಡುವೆ ಏನಿದೆಯೆಂದು ಗೊತ್ತೇ? ವಿಮಾನ ಮೂರು ಗಂಟೆಯೊಳಗೆ ಇಳಿಸಿಬಿಡುತ್ತದೆ. ಕಂಡದ್ದು ಮೋಡ ಮಾತ್ರ.

ಕರ್ನಾಟಕ ಎಕ್ಸ್‌ಪ್ರೆಸ್‌ಗೆ ಅದು ಎರಡು ರಾತ್ರಿಯ ದಾರಿ, ಸುಮಾರು 2,400 ಕಿ.ಮೀ. ಧೋಲ್‌ಪುರ ಬಿಟ್ಟ ಮೇಲೆ ಚಂಬಲ್: ಈಚೆ ರಾಜಸ್ಥಾನ, ಆಚೆ ಮಧ್ಯಪ್ರದೇಶ. ಭೋಪಾಲ್ ದಾಟಿದರೆ ನರ್ಮದೆ, ಭುಸಾವಳಕ್ಕೆ ಮುನ್ನ ತಾಪಿ. ಇವೆರಡೂ ಅರಬ್ಬೀ ಸಮುದ್ರದ ಕಡೆ ಹರಿಯುವವು. ಮನ್ಮಾಡ್ ನಂತರ ಸಿಗುವ ಗೋದಾವರಿಯ ನೀರು ಬಂಗಾಳ ಕೊಲ್ಲಿಗೆ. ಮುಂದೆ ಭೀಮೆ. ಸೊಲ್ಲಾಪುರ ಮಹಾರಾಷ್ಟ್ರದ್ದಾದರೂ ಕನ್ನಡ ಅಲ್ಲಿಂದಲೇ ಕಿವಿಗೆ ಬೀಳತೊಡಗುತ್ತದೆ.

ಕಲಬುರಗಿ, ಯಾದಗಿರಿ, ರಾಯಚೂರು ಮುಗಿದರೆ ಬೆಂಗಳೂರು ಬಂತೆಂದುಕೊಂಡವರಿಗೆ ಅಚ್ಚರಿ ಕಾದಿದೆ: ಗಾಡಿ ಆಂಧ್ರ ಹೊಕ್ಕು ಗುಂತಕಲ್, ಅನಂತಪುರ, ಹಿಂದೂಪುರದ ಮೇಲೆ ಬೆಂಗಳೂರು ಸೇರುತ್ತದೆ. 1871ರಲ್ಲಿ ಮುಂಬಯಿ, ಮದರಾಸು ಕಡೆಯ ಹಳಿಗಳು ರಾಯಚೂರಿನಲ್ಲಿ ಕೂಡಿದಾಗ 1956ರ ಭಾಷಾವಾರು ಗಡಿಗಳು ಯಾರ ತಲೆಯಲ್ಲೂ ಇರಲಿಲ್ಲ.

ಕೃಷ್ಣೆ, ತುಂಗಭದ್ರೆ ಬರುವುದು ಮಾತ್ರ ಎರಡನೇ ರಾತ್ರಿ. ಮಕ್ಕಳನ್ನು ಎಬ್ಬಿಸಬೇಕಾಗುತ್ತದೆ.