ಪರದೇಶದಲ್ಲೊಂದು ಬಾಡಿಗೆ ಮನೆ

ಪರದೇಶದಲ್ಲಿ ನೌಕರಿ ದೊರಕುವುದಕ್ಕಿಂತ ಸಂಸಾರಕ್ಕೊಂದು ಮನೆ ದೊರಕುವುದು ಕಷ್ಟ. ಮ್ಯೂನಿಕ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಮನೆ ಹುಡುಕಿದ ನನಗೆ ಇದು ಅನುಭವದ ಮಾತು. ಮಾಲೀಕರು ಮೊದಲು ಕೇಳುವುದು ಮೂರು ತಿಂಗಳ ಸಂಬಳದ ಚೀಟಿ ಮತ್ತು ‘ಶೂಫಾ’ ಎಂಬ ಸಾಲ ಮರುಪಾವತಿಯ ವರದಿ. ಹೊಸಬನಿಗೆ ಆ ವರದಿಯಲ್ಲಿ ಚರಿತ್ರೆಯೇ ಇರುವುದಿಲ್ಲ. ಜಾಹೀರಾತಿನ ‘ತಣ್ಣನೆಯ ಬಾಡಿಗೆ’ಗೆ ನೀರು, ಮನೆ ಬೆಚ್ಚಗಿಡುವ ಖರ್ಚು ಸೇರಿದಾಗಲೇ ನಿಜವಾದ ‘ಬೆಚ್ಚನೆಯ ಬಾಡಿಗೆ’ ತಿಳಿಯುವುದು. ಅನೇಕ ಮನೆಗಳಲ್ಲಿ ಒಲೆ, ಸಿಂಕ್ ಕೂಡ ಇರುವುದಿಲ್ಲ. ಹೆಸರು ಕೇಳಿದೊಡನೆ ಫೋನ್ ಇಟ್ಟವರೂ ಉಂಟು.

ಆದರೆ ಕರಾರಾದ ಮೇಲೆ ಬಾಡಿಗೆದಾರ ಅನಾಥನಲ್ಲ. ಜರ್ಮನಿಯ ನಾಗರಿಕ ಸಂಹಿತೆಯ 551ನೇ ಕಲಮಿನಂತೆ ಮುಂಗಡವು ಮೂರು ತಿಂಗಳ ಮೂಲ ಬಾಡಿಗೆಯನ್ನು ಮೀರುವಂತಿಲ್ಲ. ಅದನ್ನು ಮೂರು ಕಂತುಗಳಲ್ಲಿ ಕೊಡಬಹುದು. ಮಾಲೀಕ ಅದನ್ನು ತನ್ನ ಹಣದೊಂದಿಗೆ ಬೆರೆಸುವಂತಿಲ್ಲ. 2015ರಿಂದ ದಲ್ಲಾಳಿಯನ್ನು ನೇಮಿಸಿದವನೇ ಅವನ ಶುಲ್ಕವನ್ನೂ ತೆರಬೇಕು.

ನಮ್ಮಲ್ಲಿ ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಮಿತಿ ಸೂಚಿಸಿದೆ. ಬೆಂಗಳೂರಿಗರ ಬಾಯಲ್ಲಿ ಮಾತ್ರ ಹತ್ತು ತಿಂಗಳ ಅಡ್ವಾನ್ಸಿನ ಮಾತು ಹಳತಾಗಿಲ್ಲ. ‘ನೀವು ಯಾವ ಜನ?’ ಎಂಬ ಪ್ರಶ್ನೆಯೂ ಅಷ್ಟೆ. ಪರವೂರಿನಲ್ಲಿ ನ್ಯಾಯ ಬಯಸುವ ನಾವು ಊರಿನಲ್ಲಿರುವ ನಮ್ಮ ಮನೆಗಳನ್ನು ಬಾಡಿಗೆಗೆ ಕೊಡುವಾಗಲೂ ಅದನ್ನೇ ಪಾಲಿಸಬೇಡವೇ?