ಕನಸಿನೊಳಗಣ ಎಚ್ಚರ: ಅರಿವೆಷ್ಟು, ಅಧೀನವೆಷ್ಟು?

ನಿದ್ರಿಸುತ್ತಿರುವವನಿಗೆ ತಾನು ಕಾಣುತ್ತಿರುವುದು ಕನಸೆಂಬ ತಿಳಿವಳಿಕೆ ಆ ಕನಸು ಮುಗಿಯುವ ಮೊದಲೇ ಉಂಟಾಗುವುದುಂಟು. ಇಂಥ ಕನಸನ್ನು ಸಪ್ರಜ್ಞ ಸ್ವಪ್ನವೆಂದು ಕರೆಯಬಹುದು. ಕಾಣುತ್ತಿರುವುದು ತನ್ನ ಮನಸ್ಸಿನ ಕಲ್ಪನೆಯೆಂದು ತಿಳಿದ ಮೇಲೆ ಆ ಕಲ್ಪನೆಯನ್ನು ಇಷ್ಟಬಂದಂತೆ ತಿದ್ದಲು ಅಡ್ಡಿಯೇನು ಎಂದು ತರ್ಕವು ಕೇಳುತ್ತದೆ. ಅನುಭವವಾದರೋ ಬೇರೆಯಾಗಿದೆ. ಕನಸೆಂದು ಅರಿತವನು ಅದರೊಳಗೆ ಹಾರಲು ಹೋಗಿ ನೆಲಕ್ಕಿಳಿಯುತ್ತಾನೆ. ಬೆನ್ನಟ್ಟುವ ಮೃಗವನ್ನು ಮಾಯವಾಗೆಂದರೂ ಅದು ನಿಂತೇ ಇರುತ್ತದೆ. ಅರಿವೂ ಪೂರ್ಣವಲ್ಲ, ಅಧೀನವೂ ಪೂರ್ಣವಲ್ಲ. ಒಂದು ಬಂದಲ್ಲಿ ಇನ್ನೊಂದು ಬಂದೇ ತೀರಬೇಕೆಂಬ ನಿಯಮವೂ ಇಲ್ಲ. ಈ ಎರಡು ಅಪೂರ್ಣತೆಗಳ ಕಾರಣವೇನೆಂಬುದೇ ಇಲ್ಲಿಯ ವಿಚಾರ.

೧. ಕಾಲಡಿಯ ಆಚಾರ್ಯರ ಪ್ರಶ್ನೆ

ಕೇರಳದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಚಾರವು ದೂರದ್ದಲ್ಲ. ಕೊಚ್ಚಿಯಿಂದ ಹೆಚ್ಚು ದೂರವಿಲ್ಲದ, ಪೆರಿಯಾರ್ ನದಿಯ ದಡದ ಕಾಲಡಿಯು ಶಂಕರಾಚಾರ್ಯರ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಕಾಲಾಂತರದಲ್ಲಿ ಮರೆಯಾಗಿದ್ದ ಆ ಸ್ಥಳವನ್ನು ಗುರುತಿಸಿ, ತಿರುವಾಂಕೂರು ಸಂಸ್ಥಾನದ ನೆರವಿನಿಂದ ೧೯೧೦ರಲ್ಲಿ ಅಲ್ಲಿ ದೇವಾಲಯಗಳನ್ನು ಪ್ರತಿಷ್ಠಾಪಿಸಿದವರು ಕನ್ನಡ ನಾಡಿನ ಶೃಂಗೇರಿ ಪೀಠದ ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹ ಭಾರತೀ ಸ್ವಾಮಿಗಳು. ಶಂಕರಾಚಾರ್ಯರ ಭಾಷ್ಯಗಳನ್ನು ಕನ್ನಡಕ್ಕೆ ತಂದು, ಜಾಗ್ರತ್, ಸ್ವಪ್ನ, ಸುಷುಪ್ತಿಗಳೆಂಬ ಅವಸ್ಥಾತ್ರಯದ ವಿಚಾರವನ್ನೇ ವೇದಾಂತದ ಮುಖ್ಯ ಪ್ರಕ್ರಿಯೆಯೆಂದು ಸಾರಿದವರು ಹೊಳೆನರಸೀಪುರದ ಶ್ರೀ ಸಚ್ಚಿದಾನಂದೇಂದ್ರ ಸರಸ್ವತೀ ಸ್ವಾಮಿಗಳು.

ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದ ಎರಡನೆಯ ಪಾದವು ಸ್ವಪ್ನದ ವಿಚಾರದಿಂದಲೇ ಮೊದಲಾಗುತ್ತದೆ. ಎಚ್ಚರಕ್ಕೂ ಗಾಢನಿದ್ರೆಗೂ ನಡುವೆ ಇರುವುದರಿಂದ ಸ್ವಪ್ನಕ್ಕೆ ಅಲ್ಲಿ ಸಂಧ್ಯವೆಂದು ಹೆಸರು. ಕನಸಿನಲ್ಲಿ ಕಾಣುವ ರಥ, ಕುದುರೆ, ಹಾದಿಗಳು ನಿಜವಾದ ಸೃಷ್ಟಿಯೇ ಎಂಬುದು ಪ್ರಶ್ನೆ. ಅಲ್ಲವೆಂದು ಭಾಷ್ಯಕಾರರ ಉತ್ತರ: ರಥವು ನಿಲ್ಲುವಷ್ಟು ಸ್ಥಳ ದೇಹದೊಳಗಿಲ್ಲ, ನೂರು ಯೋಜನ ದೂರ ಹೋಗಿ ಬರುವಷ್ಟು ಕಾಲ ಆ ಕ್ಷಣದಲ್ಲಿಲ್ಲ, ರಥವನ್ನು ಮಾಡುವುದಕ್ಕೆ ಮರವೂ ಇಲ್ಲ, ಉಪಕರಣವೂ ಇಲ್ಲ.

ಪ್ರಕೃತ ವಿಷಯಕ್ಕೆ ಇನ್ನೂ ಹತ್ತಿರವಾದ ಮಾತು ಅದೇ ಪ್ರಕರಣದ ಕೊನೆಯಲ್ಲಿದೆ. ಜೀವನು ಈಶ್ವರನ ಅಂಶವೇ ಆಗಿದ್ದರೆ ತನ್ನ ಸಂಕಲ್ಪದಿಂದಲೇ ಕನಸನ್ನು ಏಕೆ ಸೃಷ್ಟಿಸಬಾರದು ಎಂಬ ಆಕ್ಷೇಪಕ್ಕೆ ಆಚಾರ್ಯರು ಅತ್ಯಂತ ಸರಳವಾದ ಯುಕ್ತಿಯನ್ನು ಕೊಡುತ್ತಾರೆ. ಕನಸು ಸಂಕಲ್ಪಾಧೀನವಾಗಿದ್ದರೆ ಯಾರೂ ಕೆಟ್ಟ ಕನಸನ್ನು ಕಾಣುತ್ತಲೇ ಇರಲಿಲ್ಲ. ತನಗೆ ಬೇಡವಾದುದನ್ನು ಯಾರೂ ಸಂಕಲ್ಪಿಸುವುದಿಲ್ಲವಷ್ಟೆ. ಜೀವನಲ್ಲಿ ಐಶ್ವರ್ಯವು ಇಲ್ಲವೆಂದಲ್ಲ. ಬೂದಿ ಮುಚ್ಚಿದ ಕೆಂಡದಲ್ಲಿ ಬೆಳಕೂ ಬಿಸಿಯೂ ಮರೆಯಾಗಿರುವಂತೆ ದೇಹಸಂಬಂಧದಿಂದ ಅದು ಮರೆಯಾಗಿದೆ. ಆಚಾರ್ಯರು ಇಲ್ಲಿ ಹೇಳುತ್ತಿರುವುದು ಸಾಮಾನ್ಯವಾದ ಕನಸನ್ನು ಕುರಿತು. ಸಪ್ರಜ್ಞ ಸ್ವಪ್ನವನ್ನು ಅವರು ಪ್ರತ್ಯೇಕವಾಗಿ ಎತ್ತಿಕೊಂಡಿಲ್ಲ. ಆದರೂ ಕನಸನ್ನು ಕಾಣುವವನೇ ಕನಸಿನ ಒಡೆಯನಲ್ಲ ಎಂಬ ನಿರ್ಣಯವು ಮುಂದೆ ಬರುವ ಪ್ರಯೋಗಗಳಿಗೆಲ್ಲ ಪೀಠಿಕೆಯಂತಿದೆ.

ಇದೇ ಸೂತ್ರಗಳನ್ನು ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಬೇರೆ ರೀತಿಯಲ್ಲಿ ಅರ್ಥೈಸಿದರು. ಅವರ ಮತದಲ್ಲಿ ಸ್ವಪ್ನಪದಾರ್ಥಗಳು ಪರಮಾತ್ಮನ ಆಶ್ಚರ್ಯಕರವಾದ ಸೃಷ್ಟಿ. ಆಯಾ ಜೀವನ ಕರ್ಮಫಲಕ್ಕೆ ತಕ್ಕಂತೆ ಅವನೊಬ್ಬನಿಗೇ, ಅಷ್ಟು ಹೊತ್ತು ಮಾತ್ರ ಕಾಣುವಂಥವು. ಉಡುಪಿಯ ಸಮೀಪದ ಪಾಜಕದಲ್ಲಿ ಜನಿಸಿದ ಮಧ್ವಾಚಾರ್ಯರು ಇನ್ನೊಂದು ಸೂಕ್ಷ್ಮವನ್ನು ತೋರಿಸಿದರು. ಮನಸ್ಸಿನಲ್ಲಿ ಉಳಿದ ವಾಸನೆಗಳೇ ಉಪಾದಾನವಾಗಿ ಈಶ್ವರೇಚ್ಛೆಯಿಂದ ಕನಸು ಉಂಟಾಗುತ್ತದೆ, ಅದು ಸತ್ಯವೇ. ಭ್ರಾಂತಿಯಿರುವುದು ಕನಸಿನ ಪದಾರ್ಥವನ್ನು ಎಚ್ಚರದ ಪದಾರ್ಥವೆಂದು ಬಗೆಯುವುದರಲ್ಲಿ ಮಾತ್ರ. ಸಪ್ರಜ್ಞ ಸ್ವಪ್ನದಲ್ಲಿ ನೀಗುವುದು ಈ ಭ್ರಾಂತಿಯೊಂದೇ. ದೃಶ್ಯವು ಹಾಗೆಯೇ ಉಳಿಯುತ್ತದೆ. ಅದು ಎಚ್ಚರವೆಂಬ ನಂಬಿಕೆ ಮಾತ್ರ ಹೋಗುತ್ತದೆ. ಬಿಸಿಲ್ಗುದುರೆಯೆಂದು ತಿಳಿದ ಮೇಲೂ ನೀರಿನ ತೋರಿಕೆ ನಿಲ್ಲದಂತೆ ಬಾಧಿತವಾದುದೂ ಅನುವರ್ತಿಸಬಹುದೆಂದು ಅದ್ವೈತಿಗಳೂ ಒಪ್ಪುತ್ತಾರೆ. ತೋರಿಕೆಯನ್ನು ಅರಿಯುವುದು ಬೇರೆ, ಅಳಿಸುವುದು ಬೇರೆ ಎಂಬಲ್ಲಿ ಮತಭೇದವಿಲ್ಲ.

೨. ತಡವಾಗಿ ಒಡೆದ ಗಾಜು

ಪಾಶ್ಚಾತ್ಯರಲ್ಲಿ ಈ ವಿಷಯವನ್ನು ಕ್ರಮವಾಗಿ ಬರೆದಿಟ್ಟವರಲ್ಲಿ ಫ್ರಾನ್ಸಿನ ಎರ್ವೆ ದ ಸೈಂಟ್ ಡೆನಿ ಮೊದಲಿಗರೆನ್ನಬಹುದು. ಕನಸುಗಳನ್ನೂ ಅವನ್ನು ನಡೆಸುವ ಉಪಾಯಗಳನ್ನೂ ಕುರಿತ ಅವರ ಗ್ರಂಥವು ೧೮೬೭ರಲ್ಲಿ ಹೊರಬಂದಿತು. ಡಚ್ ಲೇಖಕರೂ ವೈದ್ಯರೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ ೧೮೯೮ರಿಂದ ೧೯೧೨ರವರೆಗೆ ತಮಗಾದ ೩೫೨ ಸಪ್ರಜ್ಞ ಸ್ವಪ್ನಗಳನ್ನು ದಾಖಲಿಸಿ, ೧೯೧೩ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇಂಥ ಕನಸಿಗೆ ಇಂದು ಇಂಗ್ಲಿಷಿನಲ್ಲಿ ರೂಢಿಯಾಗಿರುವ ಹೆಸರನ್ನು ಬಳಸಿದರು.

ಅವರು ವರ್ಣಿಸಿದ ಒಂದು ಪ್ರಸಂಗವು ಅಧೀನತೆಯ ಮಿತಿಯನ್ನು ಸ್ಪಷ್ಟವಾಗಿ ತೋರಿಸುತ್ತದೆ. ಕನಸೆಂದು ಅರಿತೇ ಅವರು ಪಾನಪಾತ್ರೆಯೊಂದನ್ನು ಮುಷ್ಟಿಯಿಂದ ಬಲವಾಗಿ ಗುದ್ದಿದರು. ಗಾಜು ಒಡೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಿದಾಗ ಅದು ಒಡೆದಿತ್ತು. ರಂಗದ ಮೇಲೆ ನಟನೊಬ್ಬನು ತನ್ನ ಪ್ರವೇಶದ ಹೊತ್ತನ್ನು ತಪ್ಪಿಸಿಕೊಂಡು ತಡವಾಗಿ ಬಂದಂತೆ ಅವರಿಗೆ ತೋರಿತು. ಇಚ್ಛೆಯು ನಿಷ್ಫಲವಾಗಲಿಲ್ಲ, ಆದರೆ ಕಾರ್ಯವು ಇಚ್ಛೆಯ ಕೈಯಿಂದ ನೇರವಾಗಿ ಆಗಲಿಲ್ಲ. ನಡುವೆ ಬೇರೊಂದು ಶಕ್ತಿ ಕೆಲಸಮಾಡಿತು.

೩. ಪ್ರಯೋಗಶಾಲೆಯ ಸಾಕ್ಷ್ಯ

ಇಂಥ ವರದಿಗಳನ್ನು ಹಲವರು ಬಹುಕಾಲ ನಂಬಲಿಲ್ಲ. ಅದು ಕನಸಲ್ಲ, ಅರೆ ಎಚ್ಚರವೆಂದರು. ೧೯೫೩ರಲ್ಲಿ ಶಿಕಾಗೋದ ಅಸೆರಿನ್ಸ್ಕಿ ಮತ್ತು ಕ್ಲೈಟ್‌ಮನ್ ನಿದ್ರೆಯ ನಡುವೆ ಕಣ್ಣಾಲಿಗಳು ವೇಗವಾಗಿ ಚಲಿಸುವ ಒಂದು ಅವಸ್ಥೆಯನ್ನು ವರ್ಣಿಸಿದರು. ಸ್ಫುಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಆ ಅವಸ್ಥೆಯಲ್ಲಿ ಕೈಕಾಲುಗಳ ಸ್ನಾಯುಗಳು ಶಿಥಿಲವಾಗಿರುತ್ತವೆ. ಕಣ್ಣುಗಳು ಮಾತ್ರ ಚಲಿಸಬಲ್ಲವು. ಈ ಸಂಗತಿಯೇ ಪರೀಕ್ಷೆಗೆ ದಾರಿಯಾಯಿತು. ೧೯೭೫ರ ಏಪ್ರಿಲ್ ೧೨ರಂದು ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ನಡೆಸಿದ ಪ್ರಯೋಗದಲ್ಲಿ ಆಲನ್ ವರ್ಸ್ಲಿ ಎಂಬವರು, ಮೊದಲೇ ಗೊತ್ತುಮಾಡಿಕೊಂಡಂತೆ, ಕನಸಿನೊಳಗಿಂದ ಕಣ್ಣನ್ನು ಎಡಬಲಕ್ಕೆ ಹೊರಳಿಸಿ ಸನ್ನೆ ಮಾಡಿದರು. ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿ ೧೯೮೧ರಲ್ಲಿ ಪ್ರಕಟಿಸಿದರು. ೨೦೨೧ರಲ್ಲಿ ಪ್ರಕಟವಾದ, ನಾಲ್ಕು ದೇಶಗಳಲ್ಲಿ ೩೬ ಜನರ ಮೇಲೆ ನಡೆದ ಪ್ರಯೋಗದಲ್ಲಿ ಮಲಗಿದವರಿಗೆ ಪ್ರಶ್ನೆಗಳನ್ನೇ ಕೇಳಲಾಯಿತು. ಎಂಟರಲ್ಲಿ ಆರು ಕಳೆದರೆ ಎಷ್ಟೆಂಬ ಪ್ರಶ್ನೆಗೆ ಒಬ್ಬರು ಕಣ್ಣನ್ನು ಎರಡು ಸಲ ಹೊರಳಿಸಿ ಉತ್ತರಿಸಿದರು. ಕೇಳಿದ ೧೫೮ ಪ್ರಶ್ನೆಗಳಲ್ಲಿ ಸುಮಾರು ಶೇಕಡಾ ೧೮ಕ್ಕೆ ಸರಿಯುತ್ತರ ದೊರೆಯಿತು. ಅರ್ಧಕ್ಕಿಂತ ಹೆಚ್ಚಿನವಕ್ಕೆ ಉತ್ತರವೇ ಬರಲಿಲ್ಲ. ಕನಸಿನೊಳಗಣ ಎಚ್ಚರವು ನಿಜವೆಂಬುದಕ್ಕೂ ಅದು ಅಪೂರ್ಣವೆಂಬುದಕ್ಕೂ ಈ ಒಂದೇ ಲೆಕ್ಕವು ಸಾಕ್ಷಿ.

ದಕ್ಷಿಣ ಭಾರತದಲ್ಲಿಯೂ ನಿದ್ರೆಯ ಶಾಸ್ತ್ರೀಯ ಅಧ್ಯಯನಕ್ಕೆ ಕೊರತೆಯಿಲ್ಲ. ದೆಹಲಿಯಲ್ಲಿ ನಿದ್ರೆಯ ನರವ್ಯವಸ್ಥೆಯನ್ನು ಬಹುಕಾಲ ಅಭ್ಯಸಿಸಿದ ವೇಲಾಯುಧನ್ ಮೋಹನ್ ಕುಮಾರ್ ಆ ಕಾರ್ಯವನ್ನು ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಮುಂದುವರಿಸಿದರು. ಬೆಂಗಳೂರಿನ ನಿಮ್ಹಾನ್ಸ್ ವಿದ್ವಾಂಸರು ೨೦೦೬ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಯಸ್ಸಾದಂತೆ ಇತರರಲ್ಲಿ ಕುಗ್ಗುವ ಗಾಢನಿದ್ರೆಯು ಧ್ಯಾನಾಭ್ಯಾಸಿಗಳಲ್ಲಿ ಉಳಿದುಬಂದುದು ಕಂಡಿತು. ಇವು ಸಪ್ರಜ್ಞ ಸ್ವಪ್ನವನ್ನು ಕುರಿತವಲ್ಲ. ಆದರೂ ಎಚ್ಚರದ ಅಭ್ಯಾಸವು ನಿದ್ರೆಯ ರಚನೆಯನ್ನು ಮುಟ್ಟುತ್ತದೆಂಬುದನ್ನು ಸೂಚಿಸುತ್ತವೆ.

೪. ಅಪೂರ್ಣತೆಯ ಕಾರಣ

ಕನಸೆಂದು ಅರಿತವರು ನಿಜವಾಗಿ ಎಷ್ಟನ್ನು ಅರಿತಿರುತ್ತಾರೆ? ಅಮೆರಿಕದ ಮನಶ್ಶಾಸ್ತ್ರಜ್ಞೆ ಡೀಡ್ರಾ ಬ್ಯಾರೆಟ್ ೧೯೯೨ರಲ್ಲಿ ಇದನ್ನು ಪರಿಶೀಲಿಸಿದರು. ಇದು ಕನಸೆಂದ ಮೇಲೆ ನಾಲ್ಕು ಸಂಗತಿಗಳು ತಾವಾಗಿ ಸಿದ್ಧಿಸಬೇಕು: ಇಲ್ಲಿಯ ಜನರು ಕನಸಿನ ಪಾತ್ರಗಳು, ವಸ್ತುಗಳು ನಿಜವಲ್ಲ, ಭೌತಿಕ ನಿಯಮಗಳು ಕಟ್ಟುಹಾಕಲಾರವು, ಎಚ್ಚರದ ಬದುಕಿನ ನೆನಪು ಕೆಡದೆ ಇರಬೇಕು. ಈ ನಾಲ್ಕೂ ಕೂಡಿದ್ದುದು ನಾಲ್ಕರಲ್ಲಿ ಒಂದು ಭಾಗಕ್ಕಿಂತ ಕಡಿಮೆ ವರದಿಗಳಲ್ಲಿ. ಕನಸೆಂದು ತಿಳಿದೂ ಅಲ್ಲಿ ಸಿಕ್ಕಿದ ಹಣವನ್ನು ಬೆಳಗಾದ ಮೇಲೆ ಬೇಕಾದೀತೆಂದು ಜೋಪಾನಮಾಡುವವನಲ್ಲಿ ಅರಿವು ಇದೆ, ಅದರ ಫಲಿತಾರ್ಥವಿಲ್ಲ.

ಸಾಮಾನ್ಯ ಸ್ವಪ್ನಾವಸ್ಥೆಯಲ್ಲಿ ದೃಶ್ಯ ಮತ್ತು ಭಾವಗಳಿಗೆ ಸಂಬಂಧಿಸಿದ ಮೆದುಳಿನ ಭಾಗಗಳು ಚುರುಕಾಗಿದ್ದು, ವಿವೇಚನೆಗೆ ನೆರವಾಗುವ ಹಣೆಯ ಹಿಂದಣ ಕೆಲವು ಭಾಗಗಳು ಮಂದವಾಗಿರುತ್ತವೆ. ಜರ್ಮನಿಯಲ್ಲಿ ಒಬ್ಬ ವ್ಯಕ್ತಿಯ ಮೇಲೆ ನಡೆದು ೨೦೧೨ರಲ್ಲಿ ಪ್ರಕಟವಾದ ವೀಕ್ಷಣೆಯಲ್ಲಿ, ಸಪ್ರಜ್ಞ ಸ್ವಪ್ನದ ಹೊತ್ತಿಗೆ ಆ ಮಂದವಾದ ಭಾಗಗಳಲ್ಲಿ ಕೆಲವು ಮತ್ತೆ ಚುರುಕಾದುವು. ಒಬ್ಬನ ವಿಷಯದಿಂದ ಸರ್ವಸಾಮಾನ್ಯ ನಿಯಮವನ್ನು ಕಟ್ಟಲಾಗದು. ಆದರೂ ಅರಿವು ಹಂತಹಂತವಾಗಿ ಬರುವುದಕ್ಕೆ ಇದು ಹೊಂದುತ್ತದೆ. ಎಚ್ಚರವೆಂಬುದು ಒಂದೇ ದೀಪವಲ್ಲ. ಹಲವು ಕೋಣೆಗಳ ಹಲವು ದೀಪಗಳು. ಕೆಲವು ಉರಿದು ಕೆಲವು ಆರಿರಬಹುದು.

ಅಧೀನತೆಯು ಇನ್ನೂ ಕಡಿಮೆಯಾಗುವುದಕ್ಕೆ ಕಾರಣವುಂಟು. ಕನಸನ್ನು ಕಟ್ಟುವುದು ಆಜ್ಞೆಯಲ್ಲ. ನೆನಪು, ಭಾವ ಮತ್ತು ನಿರೀಕ್ಷೆ. ಎದುರಿಗೆ ನಿಂತ ನಾಯಿಯನ್ನು ಹೋಗೆಂದು ಗದರಿಸುವಾಗಲೂ ಅದು ಹೋಗದೆಂಬ ಭಯ ಒಳಗಿದ್ದರೆ ಭಯವೇ ಗೆಲ್ಲುತ್ತದೆ. ಬೇಕಾದ ವ್ಯಕ್ತಿಯನ್ನು ಗಾಳಿಯಲ್ಲಿ ನಿರ್ಮಿಸುವುದು ಕಷ್ಟ. ಬಾಗಿಲನ್ನು ತೆರೆದರೆ ಆತನು ಒಳಗಿರುತ್ತಾನೆಂದು ನಂಬಿ ತೆರೆಯುವುದು ಸುಲಭ. ಬಾಗಿಲ ಹಿಂದೆ ಮನುಷ್ಯನಿರುವುದು ಮನಸ್ಸಿಗೆ ರೂಢಿಯಾದ ಸಂಗತಿಯಷ್ಟೆ. ಮಧ್ವಾಚಾರ್ಯರು ವಾಸನೆಯನ್ನು ಕನಸಿನ ಉಪಾದಾನವೆಂದುದನ್ನು ಇಲ್ಲಿ ನೆನೆಯಬಹುದು. ಕುಂಬಾರನ ಇಚ್ಛೆ ಏನೇ ಇರಲಿ, ಮಣ್ಣಿನ ಗುಣವನ್ನು ಅವನು ಮೀರಲಾರ. ವಾನ್ ಈಡನ್ನರ ಗಾಜು ತಡವಾಗಿ ಒಡೆದುದನ್ನೂ ಹೀಗೆ ಅರ್ಥೈಸಬಹುದು: ಗುದ್ದಿದ್ದು ಇಚ್ಛೆ, ಒಡೆದದ್ದು ನಿರೀಕ್ಷೆ.

೫. ಅನಂತಶಯನನ ನಿದ್ರೆ

ಪೂರ್ಣವಾದ ಅರಿವೂ ಪೂರ್ಣವಾದ ಅಧೀನವೂ ಕೂಡಿದ ನಿದ್ರೆಯ ಕಲ್ಪನೆಯನ್ನು ಕಾಣಬೇಕಾದರೆ ತಿರುವನಂತಪುರಕ್ಕೇ ಹೋಗಬೇಕು. ಅಲ್ಲಿಯ ಶ್ರೀ ಪದ್ಮನಾಭಸ್ವಾಮಿಯು ಶೇಷನ ಮೇಲೆ ಯೋಗನಿದ್ರೆಯಲ್ಲಿದ್ದಾನೆ. ಆತನ ನಾಭಿಕಮಲದಿಂದ ಸೃಷ್ಟಿಕರ್ತನಾದ ಬ್ರಹ್ಮನು ಹುಟ್ಟಿದ್ದಾನೆ. ಆ ಸುಮಾರು ೧೮ ಅಡಿಯ ಮೂರ್ತಿಯ ನಿತ್ಯಪೂಜೆಗೆ ಚಂದ್ರಗಿರಿ ಹೊಳೆಯ ಅಕ್ಕರೆ ಇಕ್ಕರೆಗಳಿಂದ ನಂಬಿಗಳು ಬರುವ ಪದ್ಧತಿಯಿದ್ದು, ಅಕ್ಕರೆಯವರು ತುಳುನಾಡಿನ ಬ್ರಾಹ್ಮಣರು. ಮೂರ್ತಿಯನ್ನು ಭಕ್ತರು ಒಂದೇ ನೋಟದಲ್ಲಿ ಕಾಣಲಾರರು. ಒಂದು ದ್ವಾರದಲ್ಲಿ ಮುಖ, ನಡುವಣದರಲ್ಲಿ ನಾಭಿಕಮಲ, ಇನ್ನೊಂದರಲ್ಲಿ ಪಾದಗಳು ಕಾಣುತ್ತವೆ. ೧೭೫೦ರಲ್ಲಿ ಮಾರ್ತಾಂಡವರ್ಮನು ರಾಜ್ಯವನ್ನೇ ಈ ಸ್ವಾಮಿಗೆ ಅರ್ಪಿಸಿ ತಾನು ಪದ್ಮನಾಭದಾಸನಾಗಿ ಆಳಿದನು.

ಜೀವನ ನಿದ್ರೆಯೂ ಹಾಗಾದೀತೆಂಬ ಭರವಸೆಯನ್ನು ಇಂದು ಹಲವರು ಮಾರುತ್ತಿದ್ದಾರೆ. ಕೆಲವು ವಾರಗಳ ಅಭ್ಯಾಸದಿಂದ ಕನಸಿನ ಸಾಮ್ರಾಜ್ಯವು ಕೈವಶವಾಗುತ್ತದೆಂಬುದು ಅವರ ಮಾತು. ಮೇಲಿನ ಸಾಕ್ಷ್ಯಗಳು ಅದನ್ನು ಸಮರ್ಥಿಸುವುದಿಲ್ಲ. ಕನಸಿನಲ್ಲಿ ಎಚ್ಚೆತ್ತವನಿಗೆ ಅರಸನ ಮುದ್ರೆಯುಂಗುರ ದೊರೆತಿರಬಹುದು. ಆಡಳಿತವು ಇನ್ನೂ ದಿವಾನನ ಕೈಯಲ್ಲಿದೆ. ನಡುರಾತ್ರಿಯಲ್ಲಿ ಎದ್ದು ಮತ್ತೆ ಮಲಗುವ ಅಭ್ಯಾಸಗಳಿಂದ ನಿದ್ರೆಯೂ ಖಂಡಿತವಾಗುತ್ತದೆ. ನಿದ್ರೆಯ ಕೊರತೆಯುಳ್ಳವರೂ, ಕನಸು ಯಾವುದು ನಿಜವಾವುದು ಎಂಬ ಗೊಂದಲಕ್ಕೆ ಒಳಗಾಗುವವರೂ ಈ ದಾರಿಗೆ ಹೋಗದಿರುವುದೇ ಲೇಸು.

ಆದರೂ ಇದರಲ್ಲಿ ಪ್ರಯೋಜನವಿಲ್ಲವೆನ್ನುವಂತಿಲ್ಲ. ಪದೇ ಪದೇ ಭಯಂಕರ ಕನಸುಗಳಿಂದ ನರಳುವವರಿಗಾಗಿ ಅಮೆರಿಕದ ನಿದ್ರಾವೈದ್ಯರ ಪರಿಷತ್ತು ೨೦೧೮ರಲ್ಲಿ ಹೊರಡಿಸಿದ ನಿರೂಪಣೆಯಲ್ಲಿ, ಕನಸಿನ ಕಥೆಯನ್ನು ಹಗಲಿನಲ್ಲಿ ಬದಲಿಸಿ ಮನನಮಾಡುವ ಚಿಕಿತ್ಸೆಯನ್ನು ಶಿಫಾರಸುಮಾಡಿ, ಸಪ್ರಜ್ಞ ಸ್ವಪ್ನದ ಅಭ್ಯಾಸವನ್ನು ಬಳಸಬಹುದಾದ ಚಿಕಿತ್ಸೆಗಳ ಸಾಲಿನಲ್ಲಿ ಸೇರಿಸಿದೆ. ಇಲ್ಲಿ ರೋಗಿಯು ಕನಸನ್ನು ಬದಲಿಸಲೇಬೇಕೆಂದಿಲ್ಲ. ಬೆನ್ನಟ್ಟಿದ ಮೃಗವು ಮಾಯವಾಗದೆ ನಿಂತರೂ, ಅದು ಎಚ್ಚರದ ಮೃಗವಲ್ಲವೆಂದು ತಿಳಿದವನು ಓಡುವುದನ್ನು ಬಿಟ್ಟು ತಿರುಗಿ ನೋಡಬಲ್ಲನು. ಕೆಟ್ಟ ಕನಸನ್ನು ಯಾರೂ ಸಂಕಲ್ಪಿಸುವುದಿಲ್ಲವೆಂದ ಕಾಲಡಿಯ ಆಚಾರ್ಯರ ಮಾತು ಹಾಗೆಯೇ ನಿಲ್ಲುತ್ತದೆ. ಕೆಟ್ಟ ಕನಸು ಬಾರದಂತೆ ತಡೆಯುವ ಶಕ್ತಿ ಮನುಷ್ಯನಿಗಿಲ್ಲ. ಬಂದ ಕನಸನ್ನು ಕನಸೆಂದು ಕಾಣುವುದು ಮಾತ್ರ ಕೆಲವರಿಗೆ, ಕೆಲವು ರಾತ್ರಿ, ಸಾಧ್ಯವಾಗಿದೆ. ಭಯವನ್ನು ಕಳೆಯುವುದಕ್ಕೆ ಹಲವು ವೇಳೆ ಅಷ್ಟೇ ಸಾಕಾಗುತ್ತದೆ.